ಚಂದ್ರವ್ವನ ರೊಟ್ಟಿಗೆ ಆರು ಅಂಕ

ಲೀಗಿನ ಹಣಕಾಸು ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆರು ಅಂಕಗಳನ್ನು ನೀವು ಕಳೆದಿದ್ದೀರಿ. ನಾವು ಮಾಡಿದ ತಪ್ಪು ಇಷ್ಟೇ: ನಮ್ಮ ಓಣಿಯ ಹೆಂಗಸರು ನಮ್ಮ ಆಟಗಾರರಿಗೆ ಊಟ ಹಾಕಿದರು. ನಿಮ್ಮ ಆದೇಶದಲ್ಲಿ ಇದು ಇಷ್ಟು ಸರಳವಾಗಿಲ್ಲ. ‘ನಿಗದಿತ ಮಿತಿಯನ್ನು ಮೀರಿದ ವಸ್ತುರೂಪದ ಸೌಲಭ್ಯ’ ಎಂದಿದೆ. ಮೂರು ಸಲ ಓದಿದ ಮೇಲೆ ಅದು ಜೋಳದ ರೊಟ್ಟಿ ಎಂದು ನನಗೆ ಹೊಳೆಯಿತು. ಆರು ಅಂಕ ಹೋಗಿ ನಾವೀಗ ಪಟ್ಟಿಯ ತಳದಲ್ಲಿದ್ದೇವೆ. ಉಳಿದಿರುವುದು ಎರಡೇ ಪಂದ್ಯ. ತಳದಲ್ಲೇ ಉಳಿದರೆ ಮುಂದಿನ ವರ್ಷದ ಪರವಾನಗಿ ಇಲ್ಲ, ಪರವಾನಗಿ ಇಲ್ಲದಿದ್ದರೆ ವಡಗಾವಿಯ ನೇಕಾರರ ಈ ಕ್ಲಬ್ಬೂ ಇಲ್ಲ.

ಮೇಲ್ಮನವಿ ಸಲ್ಲಿಸಬಹುದಿತ್ತಲ್ಲ ಎನ್ನುತ್ತೀರಿ. ಅದಕ್ಕೆ ಎರಡು ಲಕ್ಷ ಠೇವಣಿ ಇಡಬೇಕಂತೆ. ಹೆಚ್ಚು ಖರ್ಚು ಮಾಡಿದಿರಿ ಎಂದು ದಂಡಿಸಿದವರು, ಅದನ್ನು ಪ್ರಶ್ನಿಸಲು ಇನ್ನಷ್ಟು ಖರ್ಚು ಮಾಡಿ ಎನ್ನುತ್ತೀರಿ. ಆ ಎರಡು ಲಕ್ಷವನ್ನು ಯಾವ ಕಾಲಮಿನಲ್ಲಿ ಬರೆಯಬೇಕು ಎಂದು ಕೇಳುವಷ್ಟು ಧೈರ್ಯ ನನಗೆ ಉಳಿದಿಲ್ಲ. ಪತ್ರಿಕೆಯಲ್ಲಿ ಬರೆಯಲು ಠೇವಣಿ ಬೇಕಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆಟಗಾರರ ಮೇಲಿನ ಖರ್ಚು ಕ್ಲಬ್ಬಿನ ಆದಾಯದ ಶೇಕಡ ಎಪ್ಪತ್ತನ್ನು ದಾಟಬಾರದು ಎಂದು ನೀವು ಘೋಷಿಸಿದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ದುಡ್ಡಿದ್ದವರು ಹತ್ತು ಊರಿನ ಆಟಗಾರರನ್ನು ಕೊಂಡು ಕೂರಿಸಿ, ಆಡಿಸದೆ ಬೆಂಚಿನ ಮೇಲೆ ಕೊಳೆಸುವುದನ್ನು ಕಂಡವರು ನಾವು. ಆ ನಿಯಮ ನಮ್ಮನ್ನು ಕಾಯುತ್ತದೆ ಎಂದು ನಂಬಿದ್ದೆವು.

ನಮ್ಮ ಓಣಿಯ ಪದ್ಧತಿಯನ್ನು ನಿಮಗೆ ತಿಳಿಸಬೇಕು. ನಮ್ಮ ತಂಡದಲ್ಲಿ ಒಂಬತ್ತು ಮಂದಿ ಆಟಗಾರರು ಹೊರಗಿನಿಂದ ಬಂದವರು, ಹೆಚ್ಚಿನವರು ಖಾನಾಪುರ ತಾಲೂಕಿನವರು. ಋತುವಿನ ಮೊದಲ ದಿನ ಕ್ಲಬ್ಬಿನ ಖೋಲಿಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ, ಯಾರ ಮನೆಗೆ ಯಾವ ಆಟಗಾರ ಎಂದು ಚೀಟಿ ಎತ್ತುತ್ತಾರೆ. ಆ ದಿನದಿಂದ ಅವನು ಆ ಮನೆಯವನು. ಎರಡು ಹೊತ್ತು ಅಲ್ಲೇ ಉಣ್ಣುತ್ತಾನೆ, ಸೋತರೆ ಅಲ್ಲೇ ಬೈಸಿಕೊಳ್ಳುತ್ತಾನೆ. ಕ್ಲಬ್ಬು ಇದಕ್ಕೆ ಒಂದು ಪೈಸೆ ಕೊಡುವುದಿಲ್ಲ. ಕೊಡಲು ಹೋದರೆ ಆ ಮನೆಯ ಬಾಗಿಲು ನಮಗೆ ಮತ್ತೆ ತೆರೆಯುವುದೂ ಇಲ್ಲ.

ನಿಮ್ಮ ಪರವಾನಗಿ ಅರ್ಜಿಯ ಹದಿನಾಲ್ಕನೇ ಕಾಲಮಿನಲ್ಲಿ ‘ಆಟಗಾರರಿಗೆ ದೊರೆಯುವ ಸಕಲ ಸೌಲಭ್ಯಗಳು, ಅಂದಾಜು ಮೌಲ್ಯ ಸಹಿತ’ ಎಂದಿತ್ತು. ಅರ್ಜಿ ತುಂಬಿದವಳು ನಾನೇ. ನೇಕಾರರ ಸಹಕಾರಿ ಸಂಘದಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದ ಕೈ ಇದು, ಖಾಲಿ ಕಾಲಮು ಕಂಡರೆ ಸುಮ್ಮನಿರುವುದಿಲ್ಲ. ಬಾಜೂಕ ಕೂತಿದ್ದ ನಮ್ಮ ತರಬೇತುದಾರ ಕಲ್ಮೇಶ ತಡೆದ.

“ಅಕ್ಕಾರ, ಊಟದ್ದೆಲ್ಲಾ ಯಾಕ ಬರೀತೀರಿ? ಅದು ಮನಿ ಊಟ ಐತಿ.”

“ಸಕಲ ಅಂದಾರಲ್ಲೋ. ನಾವ ಮುಚ್ಚಿಟ್ಟರ ನಾಳೆ ದೊಡ್ಡ ಕ್ಲಬ್ಬಿನವರಿಗೆ ಯಾವ ಬಾಯಿಲೆ ಕೇಳೂದು?” ಎಂದೆ.

ಮೂಲೆಯ ಖಾನಾವಳಿಯಲ್ಲಿ ತಿಂಗಳ ಗಿರಾಕಿಗಳಿಗೆ ಊಟಕ್ಕೆ ಅರವತ್ತು ರೂಪಾಯಿ. ಅದೇ ದರ ಹಿಡಿದೆ. ಒಂಬತ್ತು ಜನ, ಎರಡು ಹೊತ್ತು, ಇನ್ನೂರ ನಲವತ್ತು ದಿನ: ಎರಡು ಲಕ್ಷ ಐವತ್ತೊಂಬತ್ತು ಸಾವಿರದ ಇನ್ನೂರು. ನಾವು ನಿಜವಾಗಿ ಕೊಡುವ ಸಂಬಳ ಹನ್ನೊಂದು ಲಕ್ಷ ನಲವತ್ತು ಸಾವಿರ. ಆದಾಯ ಹದಿನೆಂಟು ಲಕ್ಷ. ಸಂಬಳವಷ್ಟೇ ಇದ್ದಿದ್ದರೆ ಮಿತಿಯೊಳಗೆ ಆರಾಮಾಗಿ ಇರುತ್ತಿದ್ದೆವು. ರೊಟ್ಟಿ ಸೇರಿದ ಕೂಡಲೇ ಶೇಕಡ ಎಪ್ಪತ್ತೇಳು ದಾಟಿತು. ಊಟಕ್ಕೆ ಇಪ್ಪತ್ತೈದು ರೂಪಾಯಿ ಎಂದು ಸುಳ್ಳು ಬರೆದಿದ್ದರೂ ಉಳಿದುಕೊಳ್ಳುತ್ತಿದ್ದೆವು.

ಈಗ ಹೇಳಿ. ಆ ಊಟ ಖರ್ಚು ಎಂದಾದರೆ, ಅದನ್ನು ಕೊಟ್ಟವರಿಂದ ನಮಗೆ ಬಂದ ದೇಣಿಗೆಯೂ ಆಗಬೇಕಲ್ಲವೇ? ಅದೇ ಮೊತ್ತವನ್ನು ಆದಾಯಕ್ಕೂ ಸೇರಿಸಿ ನೋಡಿ: ಶೇಕಡ ಅರವತ್ತೆಂಟು. ಮಿತಿಯೊಳಗಿದ್ದೇವೆ. ಇದನ್ನೇ ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. “ಆದಾಯ ಅಂದ್ರೆ ಬ್ಯಾಂಕಿಗೆ ಬಂದದ್ದು ಮೇಡಂ” ಎಂದು ಉತ್ತರ ಬಂತು. ನಮ್ಮ ಓಣಿಯ ಚಂದ್ರವ್ವನ ರೊಟ್ಟಿ ಆಟಗಾರನ ಹೊಟ್ಟೆಗೆ ಹೋಗುವಾಗ ಖರ್ಚು, ಒಲೆಯಿಂದ ಬರುವಾಗ ಏನೂ ಅಲ್ಲ. ಇಂಥ ಲೆಕ್ಕವನ್ನು ನಮ್ಮ ಸಂಘದಲ್ಲಿ ಬರೆದಿದ್ದರೆ ನನ್ನನ್ನು ಅಂದೇ ಮನೆಗೆ ಕಳಿಸುತ್ತಿದ್ದರು.

ಪಟ್ಟಿಯ ಮೇಲ್ತುದಿಯಲ್ಲಿರುವ ಕ್ಲಬ್ಬಿನ ಅರ್ಜಿಯನ್ನೂ ನೀವು ಓದಿರಬೇಕು. ಆ ಕ್ಲಬ್ಬಿನ ಮಾಲೀಕರು ಅಂಗಿಯ ಮೇಲೆ ತಮ್ಮದೇ ಕಾರ್ಖಾನೆಯ ಹೆಸರು ಹಾಕಿಸಿ, ತಮ್ಮ ಎಡಗೈಯಿಂದ ಬಲಗೈಗೆ ಒಂದು ಕೋಟಿ ಕೊಟ್ಟುಕೊಂಡಿದ್ದಾರೆ. ಅದು ಆದಾಯ, ಬ್ಯಾಂಕಿಗೆ ಬಂದಿದೆಯಲ್ಲ! ಅವರ ಮುಂಚೂಣಿ ಆಟಗಾರ ಅದೇ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಸುರಕ್ಷತಾ ಸಲಹೆಗಾರ. ನಮ್ಮ ವಿರುದ್ಧ ಮೂರು ಗೋಲು ಹೊಡೆದು ಹೋದ ಆ ಮನುಷ್ಯ ಯಾರ ಸುರಕ್ಷತೆಗೆ ಸಲಹೆ ಕೊಡುತ್ತಾನೋ ನನಗೆ ತಿಳಿಯದು. ಅವನ ಸಂಬಳ ಆಟದ ಖರ್ಚಲ್ಲ, ನಮ್ಮ ರೊಟ್ಟಿ-ಝುಣಕ ಆಟದ ಖರ್ಚು.

ಇಷ್ಟೇ ಆಗಿದ್ದರೆ ಸಿಟ್ಟಿನಿಂದ ಬರೆದು ಮುಗಿಸುತ್ತಿದ್ದೆ. ಆದರೆ ನನಗೀಗ ಭಯವಾಗಿದೆ. ಕಳೆದ ಗುರುವಾರ ಸಂಜೆ ಚಂದ್ರವ್ವ ನನ್ನ ಮನೆಗೆ ಬಂದರು. ಎಪ್ಪತ್ತರ ಹತ್ತಿರದವರು, ಇವತ್ತಿಗೂ ಕಂಡಿಕೆಗೆ ನೂಲು ಸುತ್ತಿ ಬದುಕುತ್ತಾರೆ. ನಮ್ಮ ಗೋಲ್‌ಕೀಪರ್ ಸೋಮಲಿಂಗ ಮೂರು ವರ್ಷದಿಂದ ಅವರ ಮನೆಯವನು. ಚೀಟಿಯಲ್ಲಿ ಬೇರೆ ಹೆಸರು ಬಂದರೂ ಬದಲಾಯಿಸಿಕೊಂಡು ಅವನನ್ನೇ ಕರೆದೊಯ್ಯುತ್ತಾರೆ. ಅವರ ಕೈಯಲ್ಲಿ ಡಬ್ಬಿ ಇತ್ತು.

“ಪ್ರಮಿಳಾ, ಖರೇ ಹೇಳು. ನಾ ಹಾಕಿದ್ದ ಊಟಕ್ಕ ನಮ್ಮ ಟೀಮ್ ಸೋತೈತೇನ?”

“ಸೋತಿಲ್ಲ ಆಯಿ. ಪಾಯಿಂಟ್ ಕಳದಾರ.”

“ಎರಡೂ ಒಂದ ಅಲ್ಲೇನ? ಆ ಹುಡುಗ ಎಂಟ ದಿನ ಆತು, ಮನಿಗೆ ಬಂದಿಲ್ಲ. ಡಬ್ಬಿ ಒಯ್ದರ ಊಟ ಆಗೇತಿ ಅಂತಾನ. ಎಲ್ಲಿ ಉಂಡಾನವಾ ಅಂವ?”

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದೆ. ಹಲಸಿಯ ಆಚೆಗಿನ ಊರಿನವನು ಸೋಮಲಿಂಗ, ಆರಡಿ ಎತ್ತರ, ಇಪ್ಪತ್ಮೂರು ವರ್ಷ. ನಳದ ಕಟ್ಟೆಯ ಮೇಲೆ ಕೂತು ಒಂದು ಬನ್ನನ್ನು ನೀರಿನ ಜೊತೆ ನುಂಗುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಲ್ಮೇಶ ದೂರದಿಂದ ನೋಡಿ ಮುಖ ತಿರುಗಿಸಿಕೊಂಡ.

“ಯಾಕೋ, ಆಯಿ ಮನಿಗೆ ಯಾಕ ಹೋಗವಲ್ಲಿ?”

“ಇನ್ನೂ ಎರಡು ಮ್ಯಾಚ್ ಅದಾವಲ್ರಿ ಅಕ್ಕಾರ. ನಾ ಉಂಡರ ಮತ್ತ ಪಾಯಿಂಟ್ ಕಳೀತಾರ್ರಿ.”

“ಹಂಗೇನಿಲ್ಲೋ ಹುಚ್ಚಾ. ಹೋಗಿ ಉಣ್ಣು.”

“ಹಂಗಂತ ಅವರು ಬರದ ಕೊಟ್ಟಾರೇನ್ರಿ?”

ನೀವು ಬರೆದು ಕೊಟ್ಟಿರುವುದು ಅದರ ಉಲ್ಟಾ. ‘ಸದರಿ ಸೌಲಭ್ಯ ಮುಂದುವರಿದಲ್ಲಿ ಇನ್ನೂ ಮೂರು ಅಂಕ ಕಡಿತ’ ಎಂದು ಆದೇಶದ ಕೊನೆಯ ಸಾಲಿನಲ್ಲಿದೆ. ಅವನು ಹೇಳಿದ್ದು ಸರಿ, ನಾನು ಹೇಳಿದ್ದು ಸುಳ್ಳು. ಈ ಇಡೀ ವ್ಯವಹಾರದಲ್ಲಿ ನಾನು ಹೇಳಿದ ಒಂದೇ ಒಂದು ಸುಳ್ಳು ಅದು.

ಓಣಿಯಲ್ಲಿ ಒಬ್ಬರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಮಗ್ಗದ ಸದ್ದಿನ ನಡುವೆ ತಮ್ಮ ಬಾಗಿಲಿಗೆ ಬಂದು ನಿಂತು, “ಏನರೆ ಸುದ್ದಿ ಬಂತೇನ್ರಿ?” ಎಂದು ಕೇಳಿ ಒಳಗೆ ಹೋಗುತ್ತಾರೆ. ನನ್ನ ಕೈಬರಹದಿಂದ ಮುಳುಗುತ್ತಿರುವ ಕ್ಲಬ್ಬು ಇದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಹೀಗಾಗಿ ಮಾನ್ಯರೇ, ಬೇಡಿಕೊಳ್ಳುತ್ತಿದ್ದೇನೆ. ಊಟವನ್ನು ಖರ್ಚಿಗೆ ಹಿಡಿದರೆ ಆದಾಯಕ್ಕೂ ಹಿಡಿಯಿರಿ, ನಮ್ಮ ಆರು ಅಂಕ ವಾಪಸು ಕೊಡಿ. ಆ ಸುರಕ್ಷತಾ ಸಲಹೆಗಾರರ ಸಂಬಳವನ್ನು ಅವರ ಕ್ಲಬ್ಬಿನ ಲೆಕ್ಕಕ್ಕೆ ಸೇರಿಸಿ. ಇದಕ್ಕೆಲ್ಲ ಸಭೆ, ಉಪಸಮಿತಿ, ವರದಿ ಎಂದು ಸಮಯ ಹಿಡಿಯುತ್ತದೆ ಎಂದು ಬಲ್ಲೆ. ಮುಂದಿನ ಪಂದ್ಯ ಭಾನುವಾರ. ಅದಕ್ಕೂ ಮೊದಲು, ನಿಮ್ಮ ಮೊಹರಿರುವ ಕಾಗದದಲ್ಲಿ ಒಂದೇ ಒಂದು ಸಾಲು ಬರೆದು ಕಳಿಸಿ: ‘ಸೋಮಲಿಂಗ ಚಂದ್ರವ್ವನ ಮನೆಯಲ್ಲಿ ಊಟ ಮಾಡಬಹುದು.’ ಬೇರೆ ಯಾರು ಹೇಳಿದರೂ ಅವನು ಕೇಳುತ್ತಿಲ್ಲ, ಚಂದ್ರವ್ವ ದಿನಾ ಎರಡು ಹೊತ್ತು ಅವನ ಪಾಲಿನ ರೊಟ್ಟಿ ಬಡಿದು ಇಡುವುದನ್ನು ಬಿಟ್ಟಿಲ್ಲ.

ಇಂತಿ,
ಹದಿನಾಲ್ಕನೇ ಕಾಲಮನ್ನು ಖಾಲಿ ಬಿಡಲಾಗದೆ ಕೆಟ್ಟವಳು,
ಪ್ರಮಿಳಾ
ಗೌರವ ಕಾರ್ಯದರ್ಶಿ, ಪರವಾನಗಿ ಇರುವ ತನಕ
ಲಾಳಿ ಫುಟ್‌ಬಾಲ್ ಕ್ಲಬ್, ವಡಗಾವಿ, ಬೆಳಗಾವಿ