ನಿಮ್ಮ ಹಲ್ಲು ಶುಚಿ ಮಾಡಿದ ತರಬೇತಿ ಈಗ ಅಮಾನ್ಯವೇ?

ದಂತ ಪರವಾನಗಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ದಂತ ಶುಚಿತ್ವದ ವಿದ್ಯಾರ್ಥಿಗಳಾದ ನಾವು ಲಾಸ್ ಓಲ್ಮೋಸ್ ಕಣಿವೆಯಲ್ಲಿ, ಸಂಚಾರಿ ಚಿಕಿತ್ಸಾ ಬಸ್ಸಿನಲ್ಲಿ ಮಾಡಿದ ಕೆಲಸವನ್ನು ತರಬೇತಿ ಅವಧಿಗೆ ಸೇರಿಸಲಾಗದೆಂದು ತಮ್ಮ ಮಂಡಳಿ ಆದೇಶಿಸಿದೆ. ಕಾರಣ, ಬಸ್ಸಿನೊಳಗೆ ದಂತವೈದ್ಯರು ಇರಲಿಲ್ಲ. ನಿಜ, ಇರಲಿಲ್ಲ. ಇರುವುದಿಲ್ಲವೆಂದು ತಿಳಿದೇ ಅಲ್ಲವೇ ತಾವು ಅನುಮತಿ ಕೊಟ್ಟದ್ದು? ಕಣಿವೆಯಲ್ಲಿ ದಂತವೈದ್ಯರಿದ್ದಿದ್ದರೆ ಬಸ್ಸಾದರೂ ಯಾಕೆ ಬೇಕಿತ್ತು?

ಉದ್ಘಾಟನೆಗೆ ತಾವೇ ಬಂದಿದ್ದಿರಿ. ಫೋಟೊದವರು ಎದುರಿಗೆ ಬಂದದ್ದೇ ತಡ, ನನ್ನ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಿರಿ. ನಮ್ಮ ಶಿಕ್ಷಕಿ ಒಟಿಲಿಯಾ ಪಕ್ಕದಲ್ಲೇ ನಿಂತು ನನ್ನ ಕೈಯನ್ನು ಗಮನಿಸುತ್ತಿದ್ದರು. ಕೆಳಹಲ್ಲುಗಳ ಹಿಂದೆ ಕಟ್ಟಿದ್ದ ಪಾಚಿ ತೆಗೆದ ಮೇಲೆ ತಾವು ನಾಲಿಗೆಯಾಡಿಸಿ ನೋಡಿ, "ಎಷ್ಟು ಹಗುರ ಕೈಯಮ್ಮ ನಿಂದು! ನಮ್ಮ ಹಳ್ಳಿಗಳಿಗೆ ನಿಮ್ಮಂಥೋರೇ ಬೇಕು" ಎಂದಿರಿ. ವೈದ್ಯರೆಲ್ಲಿ ಎಂದು ಕೇಳಲು ಆಗ ತಮಗೆ ತೋಚಲಿಲ್ಲ. ಬಾಯಲ್ಲಿ ನನ್ನ ಬೆರಳುಗಳಿದ್ದವು, ಕಷ್ಟವಾಯಿತೇನೋ.

ಆ ಕಣಿವೆಯ ಎಲೋಯ್ಸಾ ಮಾಂಟಾನ್ಯೊ ಎಂಬ ಕಂಬಳಿ ನೇಯುವ ಮುದುಕಿಯ ವಿಷಯ ತಮಗೆ ಗೊತ್ತಿರಲಾರದು. ಮೊದಮೊದಲು ಆಕೆ ಬಸ್ಸಿನ ಮೆಟ್ಟಿಲ ಮೇಲೆ ಕೂತು, ಹುರಿದ ಹಸಿಮೆಣಸಿನಕಾಯಿ ಸುತ್ತಿದ ರೊಟ್ಟಿ ನಮಗೆ ಕೊಟ್ಟು ಹೋಗಿಬಿಡುತ್ತಿದ್ದರು.

"ಒಳಗೆ ಬನ್ನಿ ಅಜ್ಜಿ, ಬರೀ ನೋಡ್ತೀನಿ."

"ಬರೀ ನೋಡ್ತೀನಿ ಅಂದೋನೇ ಕಣೇ ನನ್ನ ಹಲ್ಲು ಕಿತ್ತಿದ್ದು! ಸಣ್ಣೋಳಿದ್ದೆ. ಇಬ್ರು ಅಮುಕಿ ಹಿಡ್ಕೊಂಡಿದ್ರು."

"ನೋವಾದ್ರೆ ಕೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ. ನಮ್ಮಮ್ಮನಾಣೆ."

ಕೊನೆಗೂ ಒಳಗೆ ಬಂದು ಕೂತರು. ಮತ್ತೆ ಮತ್ತೆ ಕೈ ಎತ್ತಿದರು. ಎತ್ತಿದಾಗಲೆಲ್ಲ ನಾನು ನಿಲ್ಲಿಸಿದೆ. ಆಮೇಲೆ ಕಿಸಕ್ಕನೆ ನಕ್ಕು, "ನೋವೇನಿಲ್ಲ ಕಣೇ, ನೀನು ನಿಲ್ಲಿಸ್ತೀಯೋ ಇಲ್ವೋ ನೋಡ್ದೆ" ಎಂದರು. ಅಂದು ಬಲಭಾಗ ಶುಚಿಯಾಯಿತು. ಎಡಭಾಗ ಮುಂದಿನ ವಾರ ಎಂದು ಮಾತು ಕೊಟ್ಟೆ.

ಆ ವಾರವೇ ತಮ್ಮ ಆದೇಶ ಬಂತು, ಬಸ್ಸಿಗೆ ಬೀಗ ಬಿತ್ತು. ನಮ್ಮ ತರಗತಿಯ ಯಾರೂ ಈ ವರ್ಷ ಪರವಾನಗಿ ಪರೀಕ್ಷೆಗೆ ಕೂರುವಂತಿಲ್ಲ. ಆದರೂ ತಮ್ಮ ಔದಾರ್ಯ ದೊಡ್ಡದು! ಕಡಿಮೆ ಬಿದ್ದ ಅವಧಿಯನ್ನು ಕಾಲೇಜಿನಲ್ಲಿ ಅಭ್ಯಾಸಕ್ಕಿಟ್ಟ ಪ್ಲಾಸ್ಟಿಕ್ ತಲೆಗಳ ಮೇಲೆ ತುಂಬಿಸಿಕೊಳ್ಳಬಹುದಂತೆ. ಮಾನ್ಯರೇ, ಪ್ಲಾಸ್ಟಿಕ್ ತಲೆ ಎಂದಾದರೂ ಹೆದರಿ ಕೈ ಎತ್ತೀತೇ?

ವಿಷಯ ತಿಳಿಸಲು ಎಲೋಯ್ಸಾ ಮನೆಗೆ ಹೋದೆ. ಎಡದವಡೆಯ ವಸಡು ಊದಿ ರಕ್ತ ಜಿನುಗುತ್ತಿತ್ತು. ಮಂಡಳಿಯವರು ನಿಲ್ಲಿಸಿದರು ಎಂದೆ.

"ಅವ್ರು ಯಾರೋ ನಂಗೇನ್ ಗೊತ್ತು? ಮಾತು ಕೊಟ್ಟೋಳು ನೀನಲ್ವೇನೇ?"

ಬೈಯಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ನಾನು ತಮ್ಮನ್ನು ನಂಬಿದ್ದೆ, ಆಕೆ ನನ್ನನ್ನು ನಂಬಿದ್ದರು. ತಮ್ಮ ಒಂದೇ ಸಹಿಯಿಂದ ಇಬ್ಬರೂ ಮೋಸಹೋದೆವು.

ಆದೇಶ ಹಿಂತೆಗೆದುಕೊಳ್ಳಿ, ಬಸ್ಸಿನ ಬೀಗ ತೆಗೆಸಿ. ವೈದ್ಯರು ಇರಲೇಬೇಕೆಂದರೆ ಒಬ್ಬರನ್ನು ಕಳಿಸಿಕೊಡಿ. ಅದೂ ಆಗದಿದ್ದರೆ ತಾವೇ ಲಾಸ್ ಓಲ್ಮೋಸಿಗೆ ಬಂದು ಎಲೋಯ್ಸಾ ಅವರ ಬಾಗಿಲು ತಟ್ಟಿ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಈ ಸಲ ಉತ್ತರ ತಾವೇ ಕೊಡಿ.

ಇಂತಿ,
ಕೊಟ್ಟ ಮಾತಿನಲ್ಲಿ ಅರ್ಧವನ್ನಷ್ಟೇ ಉಳಿಸಿಕೊಳ್ಳಲಾದ
ಡೆಲ್ಫಿನಾ ಟ್ರೂಹಿಯೊ