ಅಮ್ಮ ಕೊಂಡಿರಬಹುದಾದ ಟಿಕೆಟ್

ಪ್ರೀತಿಯ ಅಣ್ಣನಿಗೆ,

ಈ ಸುದ್ದಿಯನ್ನು ಮೊದಲು ಹೇಳಿದ್ದು ಅಪ್ಪನೇ, ಮೊನ್ನೆ ಸಂಜೆ ನಮ್ಮ ಕ್ಷೌರದಂಗಡಿಯಲ್ಲಿ, ದರ್ಜಿ ಮಾಮನ ಅರ್ಧ ಗಡ್ಡ ಹೆರೆದು ನಿಲ್ಲಿಸಿ. ಲಾಟರಿಯಲ್ಲಿ ದೊಡ್ಡ ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ ಎಂದು ಯಾರೋ ಫೋನ್ ಮಾಡಿದ್ದರಂತೆ.

"ಭಾವ, ಟಿಕೆಟ್ ಯಾವಾಗ ತಗೊಂಡ್ರಿ?" ಎಂದರು ಮಾಮ.

"ನಾನೆಲ್ಲಿ ತಗೊಂಡೆ?"

"ತಗೊಂಡೋರಲ್ಲೇ ಲಕ್ಷಕ್ಕೆ ಒಬ್ಬರಿಗೆ ಬರಲ್ಲ, ತಗೊಳ್ಳದೋರ ಮನೆ ಹುಡುಕ್ಕೊಂಡು ಬರುತ್ತಾ? ಮೋಸ ಇದು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ.

"ನಿಮ್ಮಕ್ಕ ತಗೊಂಡಿರ್ತಾಳೆ ಕಣೋ, ನನ್ನ ಹೆಸರಲ್ಲಿ. ಕೊನೇ ದಿನ ಆಸ್ಪತ್ರೇಲಿ ಏನೋ ಹೇಳೋಕೆ ಬಾಯಿ ತೆಗೆದಳು, ಆಗಲಿಲ್ಲ. ಇದೇ ಇರಬೇಕು. ಅವಳು ಬಿಟ್ಟುಹೋಗಿದ್ದನ್ನ ಬೇಡ ಅನ್ನಲಾ?"

ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಇದ್ದಬದ್ದ ಹಣವನ್ನೆಲ್ಲ ಕಳಿಸುವುದಾಗಿ ಹೇಳಿ ಅಪ್ಪ ಮತ್ತೆ ಕತ್ತಿ ಹಿಡಿದರು.

ಅಣ್ಣಾ, ಅಪ್ಪ ನಿನ್ನ ಹತ್ತಿರವೂ ಕೇಳುತ್ತಾರೆ. ದುಡ್ಡು ಕೊಡಬೇಡ. ಆದರೆ ಅಮ್ಮ ಟಿಕೆಟ್ ಕೊಂಡೇ ಇರಲಿಲ್ಲ ಎಂದು ಮಾತ್ರ ಹೇಳಬೇಡ. ರಜೆ ಹಾಕಿ ಬೇಗ ಬಾ, ಅಪ್ಪನ ಫೋನ್ ನಂಬರ್ ಬದಲಾಯಿಸಬೇಕು.

ನಿನ್ನೆ ಬೆಳಿಗ್ಗೆ ಅಪ್ಪ ಪಾಸ್‌ಬುಕ್ ಹಿಡಿದು ಹೊರಟರೆ, ಹಿಂದಿನ ಸಂಜೆ ನಕ್ಕವರೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ತಲೆಯಲ್ಲಿ ಒಂದೆಳೆಯೂ ಇಲ್ಲದ ಪೋಸ್ಟ್‌ಮ್ಯಾನ್ ಕೂಡ. ಬಂದ ಗಿರಾಕಿಗಳನ್ನು ಅಪ್ಪ ಯಾವತ್ತೂ ವಾಪಸು ಕಳಿಸಿದವರಲ್ಲ. ಒಬ್ಬೊಬ್ಬರೂ ಕುರ್ಚಿಯಲ್ಲಿ ಕೂತು ಅಮ್ಮನ ಮಾತೆತ್ತಿದರು. ಬ್ಯಾಂಕಿನ ಬಾಗಿಲು ಹಾಕುವವರೆಗೂ ಅಪ್ಪ ಅಮ್ಮನ ಕಥೆ ಹೇಳುತ್ತಾ, ಇಲ್ಲದ ಕೂದಲನ್ನು ಕತ್ತರಿಸುತ್ತಿದ್ದರು.

ಇಂತಿ,
ನಿನ್ನ ತಂಗಿ