ತಪ್ಪು ನಿನ್ನ ಗಂಟಲಿನದಲ್ಲ

ಬುಧವಾರ, ಮಾರ್ಚ್ 12

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಹೊರಟರೆ ನೀನು ‘ಆಯ್ತು, ಇಡು’ ಅನ್ನುತ್ತೀಯೆ. ಅದಕ್ಕೇ ಕಾಗದ. ಒಳ್ಳೆಯ ಸುದ್ದಿಯೇ, ಗಾಬರಿಯಾಗಬೇಡ. ಕನ್ನಡಕ ಹಾಕಿಕೊಂಡು, ಕೂತು ಓದು.

ನಿನ್ನ ಹಳೆಯ ರಂಗಮಂದಿರದ ರಿಪೇರಿ ಕೆಲಸ ಈಗ ನನ್ನ ಕೈಯಲ್ಲಿದೆ. ಇಷ್ಟು ದಿನ ಹೇಳಲಿಲ್ಲ. ಆ ಕಟ್ಟಡದ ಹೆಸರೆತ್ತಿದರೆ ಸಾಕು, ನೀನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೀಯೆ. ಹನ್ನೊಂದು ವರ್ಷದಿಂದ ಹಾಗೆಯೇ. ಆ ಮಧ್ಯಾಹ್ನದ ಪ್ರದರ್ಶನದಲ್ಲಿ ಹಿಂದಿನ ಸಾಲಿನಿಂದ ಒಬ್ಬ ‘ಅಮ್ಮಾ, ಸ್ವಲ್ಪ ಜೋರಾಗಿ ಹೇಳಿ’ ಎಂದು ಕೂಗಿದ, ಜನ ನಕ್ಕರು, ನೀನು ಮಾತು ಮುಗಿಸಿ ಒಳಗೆ ಹೋಗಿ ಬಣ್ಣ ಒರೆಸಿಕೊಂಡೆ. ಆಮೇಲೆ ಮೂವರು ಡಾಕ್ಟರು. ಗಂಟಲು ಚೆನ್ನಾಗಿದೆ ಎಂದು ಮೂವರೂ ಹೇಳಿದರೂ ನೀನು ನಂಬಲಿಲ್ಲ. ನಾಟಕದವರು ಕೆನ್ನೆಗೆ ಮೈಕ್ ಅಂಟಿಸಿಕೊಳ್ಳಿ ಎಂದಾಗ ‘ಅದಕ್ಕಿಂತ ಮನೇಲಿ ಕೂರ್ತೀನಿ’ ಎಂದು ಬಂದವಳು ಮತ್ತೆ ಅತ್ತ ತಲೆ ಹಾಕಲಿಲ್ಲ.

ನಿನಗೆ ನೆನಪಿರಬೇಕು, ದೋಣಿಯನ್ನು ಬೋರಲು ಹಾಕಿದಂತಿದ್ದ ಆ ಮರದ ಚಾವಣಿ. ಮಾತು ಕೊನೆಯ ಸಾಲಿನವರೆಗೂ ಜಾರಿಕೊಂಡು ಹೋಗಲೆಂದೇ ಹಳಬರು ಹಾಗೆ ಬಾಗಿಸಿದ್ದರು. ಏಸಿ ಕೊಳವೆಗಳು ಕಾಣಬಾರದೆಂದು ಅದರ ಕೆಳಗೆ ಮೆತ್ತನೆಯ ಹಲಗೆಗಳ ಫಾಲ್ಸ್ ಸೀಲಿಂಗ್ ಹೊದಿಸಿದ್ದರು. ಹತ್ತಿ ನೀರು ಕುಡಿಯುವಂತೆ ಆ ಹಲಗೆ ದನಿ ಕುಡಿಯುತ್ತದೆ. ಅದನ್ನು ಹೊದಿಸಿದ್ದು ನಿನ್ನ ಆ ಪ್ರದರ್ಶನಕ್ಕೆ ಬರೀ ಮೂರು ವಾರ ಮೊದಲು. ಕಡತದಲ್ಲಿ ತಾರೀಖಿದೆ.

ಹೋದ ವಾರ ಬಡಗಿ ಏಣಿ ಹತ್ತಿ ಮೊದಲ ಹಲಗೆ ಕಿತ್ತಾಗ ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಮೇಲಿನ ಮರವನ್ನು ಗೆದ್ದಲು ತಿಂದಿದ್ದರೆ? ಅವನು ಟಾರ್ಚ್ ಹಾಕಿ, ಬೆರಳಿನಿಂದ ತಟ್ಟಿ, ‘ಮೇಡಂ, ಕಲ್ಲು ಇದ್ದಂಗಿದೆ’ ಎಂದ. ನಾಲ್ಕು ದಿನದಲ್ಲಿ ಅಷ್ಟೂ ಹಲಗೆ ಕೆಳಗಿಳಿದವು.

ನಿನ್ನೆ, ನಿನ್ನ ಜೊತೆ ಇಪ್ಪತ್ತು ವರ್ಷ ರಾಜನ ಪಾತ್ರ ಮಾಡಿದ ಮಹಾರಾಜ ಮಾವನನ್ನು ಕರೆಸಿದೆ. ಪಾಪ, ಈಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ‘ಕೂಗಬೇಡ ಮಾವ, ಸುಮ್ಮನೆ ಮಾತಾಡು’ ಎಂದು ಹೇಳಿ, ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ, ನಾನು ಕಟ್ಟಕಡೆಯ ಸಾಲಿಗೆ ಹೋಗಿ ಕೂತೆ. ಅವರು ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಒಂದೊಂದು ಅಕ್ಷರವೂ ಬಂತು. ಕೇಳಿಸುತ್ತಿದೆ ಎಂದು ಕೈ ಎತ್ತಿದೆ. ಮಾವ ಹಾಗೇ ವೇದಿಕೆಯ ಮೇಲೆ ಕುಸಿದು ಕೂತರು. ‘ಅವಳ ಗಂಟಲು ಹೋಯ್ತು ಅಂತ ನಾವೂ ನಂಬಿಬಿಟ್ವಲ್ಲಮ್ಮಾ! ಇವತ್ತೇ ಹೇಳು ಅವಳಿಗೆ’ ಎಂದು ಅತ್ತರು. ನನಗೆ ಯಾಕೋ ನಗು ತಡೆಯಲಾಗಲಿಲ್ಲ. ಒಬ್ಬಳೇ ನಗುತ್ತಿದ್ದ ನನ್ನನ್ನು ಬಡಗಿ ತಿರುತಿರುಗಿ ನೋಡಿದ.

ತಪ್ಪು ನಿನ್ನ ಗಂಟಲಿನದಲ್ಲ, ಅಮ್ಮ. ಯಾವತ್ತೂ ಅದರದಾಗಿರಲಿಲ್ಲ.

ಮುಂದಿನ ತಿಂಗಳು ಮಂದಿರ ತೆರೆಯುತ್ತದೆ, ಮೈಕಿಲ್ಲದ ನಾಟಕದಿಂದಲೇ. ಅಜ್ಜಿಯ ಪಾತ್ರಕ್ಕೆ ಇನ್ನೂ ಯಾರನ್ನೂ ಗೊತ್ತುಮಾಡಿಲ್ಲ. ನಿರ್ದೇಶಕಿ ಫೋನ್ ಮಾಡುತ್ತಾಳೆ. ‘ಆಗಲ್ಲ’ ಅನ್ನುವ ಮೊದಲು ಒಂದು ಸಲ ಬಂದು ನಿಂತು ನೋಡು.

ನಿನ್ನ
ಬಾಯಿಬಡುಕಿ ಮಗಳು

ಇನ್ನೊಂದು ಮಾತು: ಆ ಫಾಲ್ಸ್ ಸೀಲಿಂಗಿನ ನಕ್ಷೆ ಬರೆದವಳು ನಾನು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಪ್ರದರ್ಶನ ಮುಗಿದ ಮೇಲೆ ನಿನಗೆ ಹೇಳಿ ಬೀಗಬೇಕೆಂದಿದ್ದೆ, ಅಷ್ಟರಲ್ಲಿ ಹಾಗಾಯಿತು. ಎರಡು ವರ್ಷ ಕಳೆದು ಕಟ್ಟಡದೊಳಗೆ ದನಿ ಹೇಗೆ ಹರಿಯುತ್ತದೆಂದು ಓದುವಾಗ ಅನುಮಾನ ಹುಟ್ಟಿತು. ಹೋಗಿ ನೋಡುವ ಧೈರ್ಯವಾಗಲಿಲ್ಲ. ಒಂಬತ್ತು ವರ್ಷ ನೀನು ಗಂಟಲಿಗೆಂದು ಬಿಸಿನೀರು ಕುಡಿಯುವುದನ್ನು ಸುಮ್ಮನೆ ನೋಡಿದೆ. ಈ ರಿಪೇರಿಯನ್ನು ನಾನೇ ಕೇಳಿ ಪಡೆದೆ. ಮಂದಿರದ ಮಾಲೀಕರಿಗೆ ಇದನ್ನು ಹೇಳಿದಾಗ ‘ಹಾಕಿದವರೇ ಕಿತ್ತಿರಲ್ಲ, ಬಿಡಿ’ ಎಂದು ನಕ್ಕರು. ನೀನು ನಗಬೇಕೆಂದೇನಿಲ್ಲ. ಭಾನುವಾರ ಬರುತ್ತೇನೆ, ಬೈಯುವುದನ್ನೆಲ್ಲ ಎದುರಿಗೇ ಬೈದುಬಿಡು. ಇಷ್ಟು ಬರೆದ ಮೇಲೆ, ಎಷ್ಟೋ ದಿನದ ನಂತರ, ನನಗೆ ಚೆನ್ನಾಗಿ ಹಸಿವಾಗುತ್ತಿದೆ.